ಊಹೆ ಎಡಪುಟದಲ್ಲಿ, ಉತ್ತರ ಬಲಪುಟದಲ್ಲಿ: ಆಪರೇಟಿಂಗ್ ಸಿಸ್ಟಮ್ ಪಾಠದ ನನ್ನ ಅನುಭವ

ಕಾರವಾರದ ಪದವಿ ಕಾಲೇಜೊಂದರಲ್ಲಿ ಬಿಸಿಎ ವಿದ್ಯಾರ್ಥಿಗಳಿಗೆ ಆಪರೇಟಿಂಗ್ ಸಿಸ್ಟಮ್ ಪಾಠ ಮಾಡಲು ತೊಡಗಿದ ಮೊದಲ ಕೆಲವು ವರ್ಷ ನನ್ನ ಬೋಧನೆಯ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಪ್ರಾಸೆಸ್ ಎಂದರೇನು ಎಂದು ಕೇಳಿದರೆ ‘ಪ್ರೋಗ್ರಾಮ್ ಇನ್ ಎಕ್ಸಿಕ್ಯೂಷನ್’ (ಓಡುತ್ತಿರುವ ಪ್ರೋಗ್ರಾಮ್) ಎಂಬ ಉತ್ತರ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ಒಟ್ಟಿಗೆ ಬರುತ್ತಿತ್ತು, ಪರೀಕ್ಷೆಯಲ್ಲಿ ಅಂಕಗಳೂ ಬರುತ್ತಿದ್ದವು. ಆದರೆ ಅದೇ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ತಮ್ಮ ಪ್ರೋಗ್ರಾಮ್ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸಿಪಿಯು ಡಬ್ಬಿಯ ಪವರ್ ಬಟನ್ ಒತ್ತಿ ಹಿಡಿಯುತ್ತಿದ್ದರು. ಆ ಒಂದು ಪ್ರಾಸೆಸನ್ನು ಮಾತ್ರ ಕೊನೆಗೊಳಿಸಬಹುದು, ಉಳಿದವು ತಮ್ಮ ಪಾಡಿಗೆ ತಾವು ಓಡುತ್ತಿರುತ್ತವೆ ಎಂಬುದು ಅವರಿಗೆ ತೋಚುತ್ತಲೇ ಇರಲಿಲ್ಲ. ಬಾಯಿಪಾಠವಾಗಿದ್ದ ವ್ಯಾಖ್ಯೆಗೂ ಕಣ್ಣೆದುರಿನ ಯಂತ್ರಕ್ಕೂ ಸಂಬಂಧವಿದೆ ಎಂದು ನಾನು ತೋರಿಸಿಯೇ ಇರಲಿಲ್ಲವೆಂಬುದು ಅರ್ಥವಾಗಲು ನನಗೆ ನಾಲ್ಕು ವರ್ಷ ಬೇಕಾಯಿತು.

ಆಮೇಲೆ ನಾನು ಮಾಡಿದ ಬದಲಾವಣೆ ಒಂದೇ. ಪ್ರತಿಯೊಬ್ಬರೂ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಬೇಕು. ಪ್ರೋಗ್ರಾಮ್ ಓಡಿಸುವ ಮೊದಲು ಅದು ಏನು ಮಾಡುತ್ತದೆಂಬ ತಮ್ಮ ಊಹೆಯನ್ನು ಎಡಪುಟದಲ್ಲಿ ಪೆನ್ನಿನಿಂದ ಬರೆಯಬೇಕು, ಓಡಿಸಿದ ಮೇಲೆ ನಡೆದದ್ದನ್ನು ಬಲಪುಟದಲ್ಲಿ ಬರೆಯಬೇಕು. ಎಡಪುಟವನ್ನು ತಿದ್ದುವಂತಿಲ್ಲ. ಊಹೆ ತಪ್ಪಾದರೆ ಅಂಕ ಕಡಿತವಿಲ್ಲ, ಬರೆಯದಿದ್ದರೆ ಮಾತ್ರ ಉಂಟು. ಈ ಕೊನೆಯ ಮಾತನ್ನು ಅವರು ನಂಬಲು ಒಂದು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಮೊದಲು ಗುಟ್ಟಾಗಿ ಓಡಿಸಿ ನೋಡಿ, ಆಮೇಲೆ ‘ಊಹೆ’ ಬರೆಯುತ್ತಿದ್ದರು. ಎಲ್ಲರ ಊಹೆಯೂ ಸರಿಯಾಗಿದ್ದಾಗಲೆಲ್ಲ ನನಗೆ ಅದು ಗೊತ್ತಾಗುತ್ತಿತ್ತು.

ಮೊದಲ ಪಾಠವನ್ನು ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಓಡುತ್ತಿರುವ ಪ್ರಾಸೆಸಿನ ನಕಲಾಗಿ ಹೊಸ ಪ್ರಾಸೆಸನ್ನು ಹುಟ್ಟಿಸುವ ಫೋರ್ಕ್ ಎಂಬ ಕರೆಯಿಂದಲೇ ಆರಂಭಿಸುತ್ತೇನೆ. ಫೋರ್ಕ್ ಮೂರು ಸಲ ಸಾಲಾಗಿ ಬಂದರೆ ಒಟ್ಟು ಎಷ್ಟು ಪ್ರಾಸೆಸ್‌ಗಳು? ಎಡಪುಟಗಳಲ್ಲಿ ನಾಲ್ಕು ಎಂದೂ ಆರು ಎಂದೂ ಇರುತ್ತದೆ. ಪ್ರತಿ ಪ್ರಾಸೆಸೂ ಒಂದು ಸಾಲು ಮುದ್ರಿಸುವಂತೆ ಮಾಡಿದರೆ ಪರದೆಯ ಮೇಲೆ ಎಂಟು ಸಾಲು ಬರುತ್ತದೆ. ಹುಟ್ಟಿದ ಮಗುವೂ ಮುಂದಿನ ಫೋರ್ಕನ್ನು ತಾನೇ ಕರೆಯುತ್ತದೆ ಎಂಬುದನ್ನು ಅವರು ಬೆರಳು ಮಡಚಿ ತಾವೇ ಕಂಡುಕೊಳ್ಳುತ್ತಾರೆ.

ನಾನು ಯೋಜಿಸದೇ ಇದ್ದ ಪ್ರಯೋಗವೊಂದು ಇದಕ್ಕಿಂತ ಹೆಚ್ಚು ಕಲಿಸಿತು. ‘ಸಮುದ್ರ’ ಎಂಬ ಒಂದು ಸಾಲನ್ನು ಮುದ್ರಿಸಿ, ಆಮೇಲೆ ಒಮ್ಮೆ ಫೋರ್ಕ್ ಮಾಡಿ ಮುಗಿಯುವ ಪುಟ್ಟ ಪ್ರೋಗ್ರಾಮ್ ಅದು. ಎಲ್ಲರ ಪರದೆಯಲ್ಲೂ ‘ಸಮುದ್ರ’ ಒಂದೇ ಸಲ ಬಂದಿತು. ಅಂಕೋಲೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮಾತ್ರ, ರೆಕಾರ್ಡ್ ಬುಕ್ಕಿಗೆ ಅಂಟಿಸಲೆಂದು, ಫಲಿತಾಂಶವನ್ನು ಫೈಲಿಗೆ ಹರಿಸಿದ್ದಳು. “ಸರ್, ನನ್ನ ಫೈಲಿನಲ್ಲಿ ಎರಡು ಸಲ ಬಂದಿದೆ” ಎಂದಳು. ಬೇರೇನೋ ತಪ್ಪು ಮಾಡಿರಬೇಕೆಂದು ಹೋಗಿ ನೋಡಿದೆ, ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ನನಗೂ ಆ ಕ್ಷಣಕ್ಕೆ ಉತ್ತರ ಹೊಳೆಯದೆ ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಕಾರಣ ಇಷ್ಟು: ಪರದೆಗೆ ಹೋಗುವ ಅಕ್ಷರಗಳು ಸಾಲು ಮುಗಿದೊಡನೆ ಹೊರಬೀಳುತ್ತವೆ, ಆದರೆ ಫೈಲಿಗೆ ಹೋಗುವ ಅಕ್ಷರಗಳು ಬಫರ್ ಎಂಬ ತಾತ್ಕಾಲಿಕ ಸಂಗ್ರಹ ತುಂಬುವವರೆಗೆ ಅಥವಾ ಪ್ರೋಗ್ರಾಮ್ ಮುಗಿಯುವವರೆಗೆ ಪ್ರಾಸೆಸಿನ ಸ್ವಂತ ಮೆಮೊರಿಯಲ್ಲಿಯೇ ಕಾಯುತ್ತಿರುತ್ತವೆ. ಫೋರ್ಕ್ ಮೆಮೊರಿಯನ್ನು ನಕಲು ಮಾಡಿದಾಗ ಹೊರಬೀಳದೆ ಉಳಿದಿದ್ದ ‘ಸಮುದ್ರ’ವೂ ನಕಲಾಯಿತು, ಆಮೇಲೆ ಇಬ್ಬರೂ ತಮ್ಮ ತಮ್ಮ ಪ್ರತಿಯನ್ನು ಫೈಲಿಗೆ ಸುರಿದರು. ಮಗುವಿಗೆ ತಾಯಿಯ ಮೆಮೊರಿಯ ಪ್ರತಿ ಸಿಗುತ್ತದೆ ಎಂದು ನಾನು ಎಷ್ಟು ವರ್ಷ ಹೇಳಿದ್ದರೂ, ಆ ಎರಡನೆಯ ಸಾಲು ಹೇಳಿದಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಈಗ ಫೈಲಿಗೆ ಹರಿಸುವುದನ್ನು ನಾನೇ ಪಾಠದಲ್ಲಿ ಸೇರಿಸಿದ್ದೇನೆ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷ್ ಎಂಬಂಥ ಮಕ್ಕಳೇ ಹೆಚ್ಚು. ನಾನು ಪಾರಿಭಾಷಿಕ ಪದಗಳನ್ನು ಇದ್ದಂತೆಯೇ ಇಟ್ಟು, ವಿವರಣೆಯನ್ನೆಲ್ಲ ಕನ್ನಡದಲ್ಲಿ ಮಾಡುತ್ತೇನೆ. ಎಡಪುಟದ ಊಹೆಯನ್ನೂ ಕನ್ನಡದಲ್ಲಿ ಬರೆಯಲು ಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಬರೆಯುವಾಗ ಪುಸ್ತಕದ ವಾಕ್ಯ ನುಸುಳುತ್ತದೆ, ಕನ್ನಡದಲ್ಲಿ ಬರೆಯುವಾಗ ಅವರಿಗೆ ನಿಜವಾಗಿ ಏನು ಅನ್ನಿಸುತ್ತದೆಯೋ ಅದು ಬರುತ್ತದೆ.

ಅತಿ ಹೆಚ್ಚು ಹೊತ್ತು ನಾನು ನಿಲ್ಲುವುದು ಒಂದೇ ವಸ್ತುವನ್ನು ಇಬ್ಬರು ಬಳಸುವ ಪ್ರಶ್ನೆಯಲ್ಲಿ. ಇದಕ್ಕೆ ಉದಾಹರಣೆ ಹುಡುಕುವ ಅಗತ್ಯ ಕರಾವಳಿಯಲ್ಲಿ ಇಲ್ಲ. 1998ರ ಜನವರಿ 26ರಂದು ಪೂರ್ಣವಾಗಿ ತೆರೆದ ಕೊಂಕಣ ರೈಲ್ವೆಯ ಹಳಿ ನಮ್ಮ ಜಿಲ್ಲೆಯಲ್ಲಿ ಒಂಟಿ ಹಳಿ. ಕುಮಟಾ, ಗೋಕರ್ಣ ರೋಡ್, ಅಂಕೋಲೆಗಳಿಂದ ಬರುವವರಿಗೆಲ್ಲ ಎದುರಿನ ಗಾಡಿ ದಾಟುವವರೆಗೆ ‘ಕ್ರಾಸಿಂಗ್’ಗೆಂದು ನಿಂತು ಮೊದಲ ಪಿರಿಯಡ್ ತಪ್ಪಿಸಿಕೊಂಡ ಅನುಭವವಿದೆ. ಎರಡು ನಿಲ್ದಾಣಗಳ ನಡುವಿನ ಹಳಿಯಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ; ಪ್ರೋಗ್ರಾಮಿನಲ್ಲಿ ಹೀಗೆ ಒಂದು ಹೊತ್ತಿಗೆ ಒಬ್ಬರೇ ಇರಬೇಕಾದ ಭಾಗವೇ ಕ್ರಿಟಿಕಲ್ ಸೆಕ್ಷನ್. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಈ ಸಮಸ್ಯೆಗೆ ಸೂಚಿಸಿದ ಸಾಧನಕ್ಕೆ ಸೆಮಾಫೋರ್ ಎಂಬ ಹೆಸರು ಬಂದದ್ದೂ ರೈಲ್ವೆಯ ಕೈಮರದಿಂದಲೇ.

ಆದರೆ ಹೋಲಿಕೆಯನ್ನು ಅಲ್ಲಿಗೇ ಬಿಟ್ಟರೆ ಅದು ಪಾಠಕ್ಕೆ ಮುಳುವಾಗುತ್ತದೆ, ನಾನು ಮೊದಲೆರಡು ವರ್ಷ ಬಿಟ್ಟಿದ್ದೆ ಕೂಡ. ಎರಡು ಗಾಡಿಗಳು ಎದುರುಬದುರಾದರೆ ಇಡೀ ದೇಶಕ್ಕೆ ಗೊತ್ತಾಗುತ್ತದೆ. ಎರಡು ಥ್ರೆಡ್‌ಗಳು (ಒಂದೇ ಪ್ರಾಸೆಸಿನೊಳಗೆ ಮೆಮೊರಿ ಹಂಚಿಕೊಂಡು ಓಡುವ ಎಳೆಗಳು) ಡಿಕ್ಕಿ ಹೊಡೆದರೆ ಒಂದು ಸದ್ದೂ ಆಗುವುದಿಲ್ಲ, ಲೆಕ್ಕ ಮಾತ್ರ ಕಡಿಮೆ ಬೀಳುತ್ತದೆ. ಅದಕ್ಕೇ ಈಗ ರೈಲಿನ ಮಾತಿನ ಬೆನ್ನಿಗೇ ಒಂದು ಪ್ರೋಗ್ರಾಮ್ ಕೊಡುತ್ತೇನೆ. ಎರಡು ಥ್ರೆಡ್‌ಗಳು, ಒಂದೇ ಎಣಿಕೆ, ಪ್ರತಿಯೊಂದೂ ಅದಕ್ಕೆ ಹತ್ತು ಲಕ್ಷ ಸಲ ಒಂದನ್ನು ಕೂಡಿಸಬೇಕು. ಎಲ್ಲರ ಎಡಪುಟದಲ್ಲೂ ಇಪ್ಪತ್ತು ಲಕ್ಷ. ಪರದೆಯಲ್ಲಿ ಒಬ್ಬನಿಗೆ ಹದಿಮೂರು ಲಕ್ಷದ ಆಸುಪಾಸು, ಪಕ್ಕದವನಿಗೆ ಹನ್ನೊಂದು ಲಕ್ಷ ಚಿಲ್ಲರೆ, ಇನ್ನೊಮ್ಮೆ ಓಡಿಸಿದರೆ ಮತ್ತೊಂದು ಸಂಖ್ಯೆ. ಒಂದನ್ನು ಕೂಡಿಸುವುದೆಂದರೆ ಯಂತ್ರಕ್ಕೆ ಮೂರು ಕೆಲಸ: ಮೆಮೊರಿಯಿಂದ ಓದುವುದು, ಕೂಡಿಸುವುದು, ತಿರುಗಿ ಬರೆಯುವುದು. ಇಬ್ಬರೂ 500 ಎಂದು ಓದಿ ಇಬ್ಬರೂ 501 ಎಂದು ಬರೆದರೆ ಒಂದು ಎಣಿಕೆ ಹೋದಂತೆಯೇ.

ಈ ಪ್ರಯೋಗ ಕೈಕೊಡುವ ಜಾಗಗಳೂ ಉಂಟು, ಮಾಡುವವರು ಮೊದಲೇ ತಿಳಿದಿರುವುದು ಒಳ್ಳೆಯದು. ಹತ್ತು ಲಕ್ಷದ ಬದಲು ಒಂದು ಸಾವಿರ ಇಟ್ಟರೆ ಎರಡನೆಯ ಥ್ರೆಡ್ ಹುಟ್ಟುವಷ್ಟರಲ್ಲಿ ಮೊದಲನೆಯದು ಕೆಲಸ ಮುಗಿಸಿರುತ್ತದೆ, ಉತ್ತರ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಒಮ್ಮೆ ಒಬ್ಬ ವಿದ್ಯಾರ್ಥಿಗೆ ಹತ್ತು ಲಕ್ಷಕ್ಕೂ ಪ್ರತಿ ಸಲವೂ ಸರಿಯಾಗಿ ಇಪ್ಪತ್ತು ಲಕ್ಷ ಬರತೊಡಗಿ, ತರಗತಿಯೆಲ್ಲ ನನ್ನ ಮುಖ ನೋಡಿತು. ಅವನು, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿಗೆ, ವೇಗ ಹೆಚ್ಚಿಸುವ ಸೂಚನೆ ಕೊಟ್ಟಿದ್ದ. ಕಂಪೈಲರ್ ಮತ್ತೆ ಮತ್ತೆ ಒಂದನ್ನು ಕೂಡಿಸುವ ಇಡೀ ಲೂಪನ್ನು ಅಳಿಸಿ, ಒಂದೇ ಏಟಿಗೆ ಹತ್ತು ಲಕ್ಷ ಕೂಡಿಸುವಂತೆ ಮಾಡಿತ್ತು. ತಪ್ಪು ಹೋಗಿರಲಿಲ್ಲ, ಡಿಕ್ಕಿಯ ಅವಕಾಶ ಮಾತ್ರ ತೀರಾ ಕಿರಿದಾಗಿತ್ತು. ಕಾಣಿಸದ ತಪ್ಪನ್ನು ಇಲ್ಲವೆಂದುಕೊಳ್ಳುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ.

ಇದಾದ ಮೇಲೆ ಲಾಕ್, ಅಂದರೆ ಒಂದು ಹೊತ್ತಿಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗ. ಒಂದು ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, “ಸರ್, ಬೀಗ ಖಾಲಿ ಇದೆಯೇ ಎಂದು ನೋಡುವುದೂ ಒಂದು ಓದು, ಹಾಕುವುದೂ ಒಂದು ಬರಹ ಅಲ್ಲವೇ? ಅದರ ನಡುವೆ ಇನ್ನೊಬ್ಬ ಬಂದರೆ?” ಎಂದು ಕೇಳಿದ. ನಾನು ಮುಂದಿನ ವಾರಕ್ಕೆಂದು ಇಟ್ಟುಕೊಂಡಿದ್ದ ಪಾಠ ಅದು. ನೋಡುವುದನ್ನೂ ಬರೆಯುವುದನ್ನೂ ನಡುವೆ ಯಾರೂ ನುಗ್ಗದಂತೆ ಒಂದೇ ಹೆಜ್ಜೆಯಲ್ಲಿ ಮುಗಿಸುವ ಟೆಸ್ಟ್ ಅಂಡ್ ಸೆಟ್‌ನಂಥ ಸೂಚನೆಯನ್ನು ಪ್ರೊಸೆಸರೇ ಕೊಡಬೇಕಾಗುತ್ತದೆ, ಸಾಫ್ಟ್‌ವೇರಿನ ಬೀಗಗಳೆಲ್ಲ ಸಾಮಾನ್ಯವಾಗಿ ಅದರ ಮೇಲೆ ನಿಂತಿವೆ ಎಂಬುದನ್ನು ಅಂದೇ ಹೇಳಿಬಿಟ್ಟೆ. ಪಾಠಕ್ರಮದ ಪ್ರಕಾರ ಹೋಗಿದ್ದರೆ ಆ ಅಧ್ಯಾಯ ಯಾರೂ ಕೇಳದ ಪ್ರಶ್ನೆಗೆ ಉತ್ತರವಾಗಿ ಉಳಿಯುತ್ತಿತ್ತು.

ಫೈಲ್ ಸಿಸ್ಟಮಿನ ಪಾಠವನ್ನು ನನಗೆ ಕಲಿಸಿಕೊಟ್ಟದ್ದು ಮಳೆಗಾಲ. ಜುಲೈಯ ಒಂದು ಮಧ್ಯಾಹ್ನ, ವಿದ್ಯಾರ್ಥಿಗಳು ತಾವೇ ಬರೆದ ಪ್ರೋಗ್ರಾಮಿನಿಂದ ಒಂದು ಸಾವಿರ ದಾಖಲೆಗಳನ್ನು ಫೈಲಿಗೆ ಹಾಕುತ್ತಿದ್ದರು. ‘ಬರೆದಾಯಿತು’ ಎಂದು ಪರದೆಯಲ್ಲಿ ಬಂದು ಕೆಲವೇ ಕ್ಷಣಗಳಾಗಿದ್ದವು, ಕರೆಂಟ್ ಹೋಯಿತು. ಯುಪಿಎಸ್‌ಗಳ ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟ್ ಬಂದ ಮೇಲೆ ನೋಡಿದರೆ ಹಲವರ ಫೈಲಿನ ಗಾತ್ರ ಸೊನ್ನೆ. ಬರೆದಾಯಿತೆಂದು ಯಂತ್ರ ಸುಳ್ಳು ಹೇಳಿತೇ ಎಂಬ ಜಗಳವೇ ಆಯಿತು. ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ನಮ್ಮ ಅಕ್ಷರಗಳನ್ನು ತನ್ನ ಮೆಮೊರಿಗೆ ತೆಗೆದುಕೊಂಡೊಡನೆ ‘ಆಯಿತು’ ಎನ್ನುತ್ತದೆ, ಡಿಸ್ಕಿಗೆ ಮುಟ್ಟಿಸುವುದು ತನಗೆ ಅನುಕೂಲವಾದಾಗ. ಲಿನಕ್ಸಿನ ಸಾಮಾನ್ಯ ಹೊಂದಿಕೆಯಲ್ಲಿ ಈ ಕೆಲಸ 5 ಸೆಕೆಂಡಿಗೊಮ್ಮೆ ಎಚ್ಚರಗೊಂಡು, 30 ಸೆಕೆಂಡಿಗಿಂತ ಹಳೆಯದಾದ ಬರಹವನ್ನು ಡಿಸ್ಕಿಗೆ ಕಳಿಸುತ್ತದೆ. ಈಗಲೇ ಮುಟ್ಟಿಸು ಎನ್ನಬೇಕಾದರೆ ಎಫ್‌ಸಿಂಕ್ ಎಂಬ ಬೇರೆ ಕರೆಯೇ ಬೇಕು.

ಈಗ ಕರೆಂಟ್ ಹೋಗಲೆಂದು ಕಾಯುವುದಿಲ್ಲ. ಗುಜರಿಗೆ ಹೋಗಬೇಕಿದ್ದ ಒಂದು ಯಂತ್ರವನ್ನು ಇದಕ್ಕೆಂದೇ ಉಳಿಸಿಕೊಂಡಿದ್ದೇನೆ. ಬರೆದು ಎರಡು ಸೆಕೆಂಡಿಗೆ ಪ್ಲಗ್ ಕಿತ್ತರೆ ಏನು ಉಳಿಯುತ್ತದೆ, ನಲವತ್ತು ಸೆಕೆಂಡಿಗೆ ಕಿತ್ತರೆ ಏನು, ಎಫ್‌ಸಿಂಕ್ ಆದ ಕೂಡಲೇ ಕಿತ್ತರೆ ಏನು ಎಂದು ಎಡಪುಟದಲ್ಲಿ ಬರೆಸಿ, ಅವರ ಕೈಯಲ್ಲೇ ಪ್ಲಗ್ ಕೀಳಿಸುತ್ತೇನೆ. ಪ್ರತಿ ಸಾಲಿಗೂ ಎಫ್‌ಸಿಂಕ್ ಹಾಕಿದರೆ ಅದೇ ಸಾವಿರ ದಾಖಲೆಗಳಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದ ಮೇಲೆ ಕರ್ನಲಿನ ಮೇಲಿನ ಸಿಟ್ಟೂ ಕಡಿಮೆಯಾಗುತ್ತದೆ.

ಮೆಮೊರಿಯಲ್ಲಿ ಜಾಗ ಸಾಲದಾದಾಗ ಪ್ರೋಗ್ರಾಮಿನ ಒಂದು ‘ಪುಟ’ವನ್ನು (ಸಮಗಾತ್ರದ ತುಂಡು) ಹೊರಹಾಕಿ ಇನ್ನೊಂದನ್ನು ತರುವ ಪಾಠಕ್ಕೆ ಯಂತ್ರ ಬೇಕಾಗಲಿಲ್ಲ, ಕಪ್ಪು ಹಲಗೆ ಸಾಕಾಯಿತು. 1, 2, 3, 4, 1, 2, 5, 1, 2, 3, 4, 5 ಎಂಬ ಕ್ರಮದಲ್ಲಿ ಪುಟಗಳನ್ನು ಕೇಳಿದರೆ, ಮೊದಲು ಬಂದದ್ದನ್ನು ಮೊದಲು ಕಳಿಸುವ ನಿಯಮದಲ್ಲಿ, ಮೆಮೊರಿಯಲ್ಲಿ ಪುಟ ಕೂರುವ ಮೂರು ಜಾಗಗಳಿಗೆ, ಅಂದರೆ ಮೂರು ಫ್ರೇಮ್‌ಗಳಿಗೆ 9 ಪೇಜ್ ಫಾಲ್ಟ್ (ಕೇಳಿದ ಪುಟ ಮೆಮೊರಿಯಲ್ಲಿ ಇಲ್ಲದಿರುವುದು), ನಾಲ್ಕು ಫ್ರೇಮ್‌ಗಳಿಗೆ 10. ಜಾಗ ಹೆಚ್ಚಾದರೆ ತೊಂದರೆ ಹೆಚ್ಚಾಗುವುದೆಂದು ಈವರೆಗೆ ಒಬ್ಬರೂ ಎಡಪುಟದಲ್ಲಿ ಬರೆದಿಲ್ಲ.

ಯಾವ ಪ್ರಾಸೆಸಿಗೆ ಸಿಪಿಯು ಯಾವಾಗ ಸಿಗಬೇಕೆಂದು ನಿರ್ಧರಿಸುವ ಷೆಡ್ಯೂಲಿಂಗ್ ಬಗ್ಗೆ ಮಾತ್ರ ನನಗೆ ಇನ್ನೂ ಸಮಾಧಾನವಿಲ್ಲ. ಪರೀಕ್ಷೆಗೆ, ಯಾವ ಪ್ರಾಸೆಸ್ ಯಾವ ಹೊತ್ತಿಗೆ ಓಡುತ್ತದೆಂದು ತೋರಿಸುವ ಗ್ಯಾಂಟ್ ಚಾರ್ಟ್ ಬೇಕು, ಅದನ್ನು ಮಾಡಿಸುತ್ತೇನೆ. ಜೊತೆಗೆ, ಸುಮ್ಮನೆ ಸುತ್ತುವ ಎರಡು ಪ್ರಾಸೆಸ್‌ಗಳನ್ನು ಪ್ರೊಸೆಸರಿನ ಒಂದೇ ಕೋರಿಗೆ ಕಟ್ಟಿಹಾಕಿ, ಒಂದರ ನೈಸ್ ಮೌಲ್ಯವನ್ನು (ಇದು ಹೆಚ್ಚಾದಷ್ಟೂ ಆದ್ಯತೆ ಕಡಿಮೆ) 19ಕ್ಕೆ ಏರಿಸಿದರೆ ಅದಕ್ಕೆ ಎಷ್ಟು ಪಾಲು ಸಿಗಬಹುದೆಂದು ಕೇಳುತ್ತೇನೆ. ಹೆಚ್ಚಿನವರು ಶೇಕಡಾ 25 ಅಥವಾ 30 ಎಂದು ಬರೆಯುತ್ತಾರೆ. ಲಿನಕ್ಸಿನಲ್ಲಿ ನೈಸ್ 0ರ ತೂಕ 1024, 19ರ ತೂಕ 15. ಪಾಲು ಈ ತೂಕದ ಪ್ರಮಾಣದಲ್ಲಿ ಸಿಗುವುದರಿಂದ, ಸಿಪಿಯು ಬಳಕೆಯನ್ನು ತಿಳಿಸುವ ಟಾಪ್ ಎಂಬ ಆದೇಶ ತೋರಿಸುವುದು ಶೇಕಡಾ ಒಂದೂವರೆಯ ಹತ್ತಿರದ ಸಂಖ್ಯೆಯನ್ನು. ಎಲ್ಲಕ್ಕೂ ಸರದಿಯಂತೆ ಸಮಪಾಲು ಕೊಡುವ ಪುಸ್ತಕದ ರೌಂಡ್ ರಾಬಿನ್ನಿಗೂ ಈ ಒಂದೂವರೆಗೂ ನಡುವಿನ ದಾರಿಯನ್ನು ಎರಡು ಪಿರಿಯಡ್‌ಗಳಲ್ಲಿ ನಡೆಸಿಕೊಂಡು ಹೋಗಲು ನನಗೆ ಬಂದಿಲ್ಲ. ಮುಂದಿನ ಸೆಮಿಸ್ಟರಿಗೆ ಗ್ಯಾಂಟ್ ಚಾರ್ಟನ್ನು ಮೊದಲು ಮಾಡಿಸದೆ, ಟಾಪ್‌ನ ಸಂಖ್ಯೆಯಿಂದಲೇ ಆರಂಭಿಸಬೇಕೆಂದಿದ್ದೇನೆ.