ಸಾಕುಗಳ್ಳ: ಪಳಗಿಸಿದ ಪ್ರಾಣಿಗಳಿಂದ ಕದಿಸುವ ಕ್ಲಾಸ್ ಕಟ್ಟಿದ ನನ್ನ ಅನುಭವ

ದಾಳ ಉರುಳಿಸುತ್ತ ಪಾತ್ರಗಳಾಗಿ ಕತೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಗಾಗಿ, ತಾನು ದೂರ ನಿಂತು ಪಳಗಿಸಿದ ಪ್ರಾಣಿಗಳಿಂದ ಕದಿಸುವ ಕ್ಲಾಸ್ (ಆಟಗಾರ ಆರಿಸಿಕೊಳ್ಳುವ ಪಾತ್ರದ ಬಗೆ) ಒಂದನ್ನು ಬರೆಯುತ್ತೇನೆ ಎಂದಾಗ, ಬೆಂಗಳೂರಿನ ನಮ್ಮ ಆಟದ ಬಳಗದ ಮೂವರು ಡಿಎಂಗಳೂ (ಆಟ ನಡೆಸುವವರು) ಒಂದೇ ಮಾತು ಹೇಳಿದರು: ರೋಗ್ ಎಂಬ ಕಳ್ಳನ ಕ್ಲಾಸಿಗೆ ಒಂದು ಫ್ಯಾಮಿಲಿಯರ್ (ಮಂತ್ರದಿಂದ ಬರುವ ಜೊತೆಪ್ರಾಣಿ) ಕೊಟ್ಟರೆ ಸಾಕು, ಹೊಸ ಕ್ಲಾಸ್ ಏಕೆ? ಅದಕ್ಕೆ ಉತ್ತರ ಕೊಡಲು ನನಗೆ ಸುಮಾರು ಎರಡೂವರೆ ವರ್ಷ, ಏಳು ಕರಡುಗಳು, ಇಪ್ಪತ್ತಕ್ಕೂ ಹೆಚ್ಚು ಆಟಗಳು ಹಿಡಿದವು. ಈಗ ಆ ಮೂವರಲ್ಲಿ ಇಬ್ಬರು ತಮ್ಮ ಆಟಗಳಲ್ಲಿ ‘ಸಾಕುಗಳ್ಳ’ನಿಗೆ ಜಾಗ ಕೊಟ್ಟಿದ್ದಾರೆ.

ಮೊದಲ ಕರಡಿನಲ್ಲಿ ಪ್ರತಿ ಪ್ರಾಣಿಗೂ ಪ್ರತ್ಯೇಕ ಸರದಿ ಇತ್ತು. ಮೂರು ಪ್ರಾಣಿಗಳಿದ್ದ ಆಟಗಾರ್ತಿಯೊಬ್ಬರ ಸರದಿ ಮುಗಿಯಲು ಹತ್ತು ನಿಮಿಷ ಬೇಕಾಗುತ್ತಿತ್ತು, ಅಷ್ಟರಲ್ಲಿ ಉಳಿದವರು ಮೊಬೈಲ್ ತೆಗೆದಿರುತ್ತಿದ್ದರು. ಎರಡನೆಯದರಲ್ಲಿ 2014ರ ನಿಯಮಪುಸ್ತಕದ ರೇಂಜರ್‌ನಂತೆ (ಪ್ರಾಣಿಯ ಜೊತೆ ಹೋರಾಡಬಲ್ಲ ಕಾಡಿನ ಬೇಟೆಗಾರ) ಆಜ್ಞೆಗೆ ಪೂರ್ತಿ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸದ ಬೆಲೆ ಇಟ್ಟೆ; ಆಗ ಪ್ರಾಣಿಯ ಒಡೆಯನಿಗೆ ಮಾಡಲು ಏನೂ ಉಳಿಯಲಿಲ್ಲ. ಮೂರನೆಯದರಲ್ಲಿ ಆ ಬೆಲೆ ಬೋನಸ್ ಆಕ್ಷನ್ (ಸರದಿಯ ಚಿಕ್ಕ ಹೆಚ್ಚುವರಿ ಕೆಲಸ) ಆಯಿತು. ಅದು ಕಾಳಗಕ್ಕೆ ಸರಿಹೋಯಿತೇ ಹೊರತು ಕಳ್ಳತನಕ್ಕೆ ಒಗ್ಗಲಿಲ್ಲ. ಇದರ ಮೇಲೆ ಸಾವಿನ ಸಮಸ್ಯೆ ಬೇರೆ. ರೇವನ್ ಎಂಬ ದೊಡ್ಡ ಕಾಗೆಗೆ ಒಂದು ಹಿಟ್ ಪಾಯಿಂಟ್ (ಜೀವದ ಅಂಕ), ಮುಂಗುಸಿಯಂತೆ ಕಾಣುವ ವೀಸಲ್‌ಗೆ ಒಂದು, ಬೆಕ್ಕಿಗೆ ಎರಡು. ಗಾಬ್ಲಿನ್‌ನ ಒಂದು ಬಾಣಕ್ಕೆ ತನ್ನ ಬೆಕ್ಕು ಸತ್ತ ಸಂಜೆ, ಹೆಸರಿಟ್ಟು ನಾಲ್ಕು ವಾರ ಅದನ್ನು ಸಾಕಿದ್ದ ಹುಡುಗ ಹಾಳೆ ಮಡಚಿ ಎದ್ದುಹೋದ. ಆ ಕರಡನ್ನು ನಾನು ಮತ್ತೆ ತೆರೆಯಲಿಲ್ಲ. ಈಗಿನ ನಿಯಮದಲ್ಲಿ, ಒಡೆಯನೇ ಹೊರಗೆ ಕಳಿಸದ ಹೊರತು, ಕಾಳಗ ಶುರುವಾದೊಡನೆ ಪ್ರಾಣಿ ಜೋಳಿಗೆ ಸೇರಿಬಿಡುತ್ತದೆ ಮತ್ತು ಜೋಳಿಗೆಯಲ್ಲಿರುವುದನ್ನು ಯಾರೂ ಗುರಿಯಿಡುವಂತಿಲ್ಲ.

ನಾಲ್ಕನೆಯ ಕರಡನ್ನು ಕೆಡಿಸಿದ್ದು ತೂಕದ ಲೆಕ್ಕ. ಬಲದ ಅಂಕವನ್ನು ಹದಿನೈದರಿಂದ ಗುಣಿಸಿ, ಪ್ರಾಣಿ ತೀರ ಚಿಕ್ಕದಾದರೆ ಅರ್ಧ ಮಾಡಬೇಕೆಂಬುದು ನಿಯಮ. ರೇವನ್‌ನ ಬಲ ಎರಡು, ಆದ್ದರಿಂದ ಅದು ಹದಿನೈದು ಪೌಂಡ್ ಹೊರಬಲ್ಲದು. ಐವತ್ತು ನಾಣ್ಯಕ್ಕೆ ಒಂದು ಪೌಂಡ್. ನಮ್ಮ ಆಟಗಾರರೊಬ್ಬರು ಇದನ್ನು ನನ್ನೆದುರೇ ಲೆಕ್ಕ ಹಾಕಿ, ಒಂದೇ ಹಕ್ಕಿಯಿಂದ ಒಂದು ಸಲಕ್ಕೆ ಏಳುನೂರೈವತ್ತು ಚಿನ್ನದ ನಾಣ್ಯ ಹೊರಿಸಿದರು. ನಿಜವಾದ ರೇವನ್ ತಾನೇ ಒಂದು ಕಿಲೋ ಚಿಲ್ಲರೆ ತೂಗುವ ಹಕ್ಕಿ! ಅಂದು ರಾತ್ರಿಯೇ ಪೌಂಡ್‌ಗಳನ್ನು ಕಿತ್ತುಹಾಕಿ ‘ಹಿಡಿ’ ಎಂಬ ಅಳತೆ ತಂದೆ: ಕೊಕ್ಕಿಗೋ ಬಾಯಿಗೋ ಕೈಗೋ ಎಷ್ಟು ಸಿಗುತ್ತದೆಯೋ ಅಷ್ಟೇ, ಒಂದು ಸಲಕ್ಕೆ ಒಂದೇ ವಸ್ತು.

ಈ ನಡುವೆ ನಮ್ಮ ಮನೆಯ ತಾರಸಿಯಲ್ಲಿ ಹದಿನೈದು ದಿನ ಒಂದು ತಟ್ಟೆಯಲ್ಲಿ ಕಡಲೆಕಾಯಿ ಬೀಜವನ್ನೂ ಹೊಳೆಯುವ ಹೊಸ ನಾಣ್ಯಗಳನ್ನೂ ಇಟ್ಟು ನೋಡಿದೆ. ಕಾಗೆಗಳು ಬೀಜವನ್ನಷ್ಟೇ ಒಯ್ದವು, ನಾಣ್ಯ ಮುಟ್ಟಲಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2014ರಲ್ಲಿ ಕಾಗೆಯ ಕುಟುಂಬದ ಮ್ಯಾಗ್‌ಪೈಗಳ ಮೇಲೆ ನಡೆಸಿದ ಅಧ್ಯಯನದಲ್ಲಿಯೂ ಹೊಳೆಯುವ ವಸ್ತುಗಳು ಆ ಹಕ್ಕಿಗಳನ್ನು ಸೆಳೆಯಲಿಲ್ಲ, ಬದಲಿಗೆ ಅಳುಕಿಸಿದವು. ಪ್ರಾಣಿ ಕದಿಯುವುದು ಮೇವಿಗಾಗಿ ಎಂಬುದು ನನಗೆ ಮನದಟ್ಟಾಗಿ, ಪ್ರತಿ ಪ್ರಾಣಿಗೂ ದಿನಕ್ಕೆ ಒಂದು ಬೆಳ್ಳಿ ನಾಣ್ಯದ ಮೇವಿನ ಖರ್ಚು ಇಟ್ಟೆ. ಮೇವು ತಪ್ಪಿದ ದಿನ ಅದು ಮಾತು ಕೇಳುವುದಿಲ್ಲ. ಚಾಮುಂಡಿ ಬೆಟ್ಟದಲ್ಲಿ ಕೋತಿಗಳು ಚೀಲ ಕಸಿಯುವುದನ್ನು ನಾವೆಲ್ಲ ಕಂಡವರೇ. ಬಾಲಿಯ ಉಲುವಾಟು ದೇವಸ್ಥಾನದ ಕೋತಿಗಳು ಇನ್ನೂ ಮುಂದುವರಿದು, ಪ್ರವಾಸಿಗರಿಂದ ಕಸಿದದ್ದನ್ನು ತಿಂಡಿ ಸಿಕ್ಕಿದ ಮೇಲಷ್ಟೇ ಬಿಟ್ಟುಕೊಡುತ್ತವೆ. ಅದರಿಂದ ನನಗೆ ‘ಒತ್ತೆ’ ಎಂಬ ಏಳನೆಯ ಲೆವೆಲ್‌ನ ವಿದ್ಯೆ ಸಿಕ್ಕಿತು.

ದಾರಿ ತೆರೆದದ್ದು ಐದನೆಯ ಕರಡಿನಲ್ಲಿ. ಪಳಗಿಸುವವನ ಜಾಣತನವೆಲ್ಲ ಹಿಂದಿನ ದಿನವೇ ಖರ್ಚಾಗಿರುತ್ತದೆ, ಕದಿಯುವ ಗಳಿಗೆಯಲ್ಲಿ ಅವನು ಸಿಳ್ಳೆ ಹೊಡೆಯುವುದಷ್ಟೇ ಬಾಕಿ. ಹಾಗಾದರೆ ಮಾಂತ್ರಿಕ ಬೆಳಿಗ್ಗೆ ಮಂತ್ರಗಳನ್ನು ಆರಿಸಿಟ್ಟುಕೊಳ್ಳುವಂತೆ, ಇವನು ಪ್ರಾಣಿಗೆ ‘ಪಾಠ’ಗಳನ್ನು ಆರಿಸಿಡಲಿ ಎಂದುಕೊಂಡೆ: ಗಂಟು ಬಿಚ್ಚು, ಕೀಲಿ ತಾ, ದೀಪ ಆರಿಸು, ಓಡಿ ದಾರಿ ತಪ್ಪಿಸು. ಪಾಠದ ಅಂಕ ಎಂಟು, ಪ್ರೊಫಿಷಿಯೆನ್ಸಿ (ಲೆವೆಲ್ ಏರಿದಂತೆ ಬೆಳೆಯುವ ಪರಿಣತಿಯ ಅಂಕ), ವಿಸ್‌ಡಮ್ ಮಾಡಿಫೈಯರ್ (ವಿವೇಕದಿಂದ ಸೇರುವ ಅಂಕ) ಇವುಗಳ ಮೊತ್ತ. ಎದುರಿನವನ ಪ್ಯಾಸಿವ್ ಪರ್ಸೆಪ್ಷನ್ (ದಾಳ ಉರುಳಿಸದೆಯೇ ಇರುವ ಗಮನದ ಅಂಕ) ಅದಕ್ಕಿಂತ ಕಡಿಮೆಯಿದ್ದರೆ ದಾಳವನ್ನೇ ಉರುಳಿಸಬೇಕಾಗಿಲ್ಲ, ಕೆಲಸ ಆಯಿತು. ಮೂರನೆಯ ಲೆವೆಲ್‌ನಲ್ಲಿ ಅದು ಹದಿಮೂರಾದರೆ, ಹನ್ನೆರಡರ ಕಾವಲುಗಾರ ಏನನ್ನೂ ಗಮನಿಸುವುದಿಲ್ಲ. ಹದಿನಾರರ ಗೂಢಚಾರನ ಮುಂದೆ ಮಾತ್ರ ಪ್ರಾಣಿಯೇ ಸ್ಟೆಲ್ತ್‌ಗಾಗಿ (ಕಣ್ತಪ್ಪಿಸುವ ಕೌಶಲ) ದಾಳ ಉರುಳಿಸಬೇಕು. ಸೋತರೂ ಅದು ಬರಿಗೈಲಿ ಬರುವುದಿಲ್ಲ, ತಪ್ಪು ವಸ್ತುವನ್ನು ತರುತ್ತದೆ. ಆ ತಪ್ಪಿನ ಪಟ್ಟಿಯಲ್ಲಿಯೇ ಕ್ಲಾಸಿನ ಜೀವವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಉಡದ ಮೇಲೆ ನಾನು ಎರಡು ತಿಂಗಳು ಕಳೆದೆ. 1670ರಲ್ಲಿ ಶಿವಾಜಿಯ ಸೇನಾನಿ ತಾನಾಜಿ ಸಿಂಹಗಡದ ಕೋಟೆಯನ್ನು ಹತ್ತಲು ಹಗ್ಗ ಕಟ್ಟಿದ ಉಡವನ್ನು ಬಳಸಿದನೆಂಬ ಐತಿಹ್ಯವಿದೆ. ನಮ್ಮಲ್ಲಿಯೂ ಉಡದ ಪಟ್ಟು ಎಂಬ ಮಾತಿದೆ. ಆದರೆ ಉಡ ಮನುಷ್ಯನ ಭಾರ ತಡೆಯುತ್ತದೆಂದರೆ ಯಾವ ಡಿಎಂ ಒಪ್ಪುತ್ತಾರೆ? ಕೊನೆಗೆ ಅದು ತೆಳ್ಳನೆಯ ದಾರವನ್ನಷ್ಟೇ ಒಯ್ದು, ಮೇಲಿನ ತೊಲೆಯನ್ನು ಸುತ್ತಿ ಕೆಳಗಿಳಿಯುವಂತೆ ಮಾಡಿದೆ. ದಾರದಿಂದ ಹಗ್ಗವನ್ನು ಎಳೆದುಕೊಳ್ಳುವುದು ಕಳ್ಳನ ಕೆಲಸ. ಈ ಒಂದು ಪಾಠ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಹೆಮ್ಮೆ ತಂದಿದೆ.

ಹಣದ ವಿಷಯ. ಚಿತ್ರಗಳಿಗೆಂದು ಒಬ್ಬ ಕಲಾವಿದರಿಗೆ ನಾಲ್ಕು ಸಾವಿರ ಮುಂಗಡ ಕೊಟ್ಟೆ, ಚಿತ್ರವೂ ಬರಲಿಲ್ಲ, ಹಣವೂ ಬರಲಿಲ್ಲ. ಪ್ರಾಣಿಗಳ ಕಾರ್ಡುಗಳನ್ನು ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಲು ಸುಮಾರು ಸಾವಿರದ ಎಂಟುನೂರು ಆಯಿತು. ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಕ್ಷರಗಳೆಲ್ಲ ಒಡೆದು ಪಕ್ಕಕ್ಕೆ ಕೂತಿದ್ದರಿಂದ ಎರಡನೆಯ ಸಲವೂ ಅಷ್ಟೇ ತೆತ್ತೆ. ಕೆಫೆಯ ಮೇಜಿನ ಬಾಡಿಗೆ ಸೇರಿ ಒಟ್ಟು ಹದಿನಾಲ್ಕು ಸಾವಿರದ ಹತ್ತಿರ ಹೋಗಿರಬೇಕು. ಆಟದ ಮೂಲ ನಿಯಮಗಳನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟದ್ದರಿಂದ ನಾನು ಧೈರ್ಯವಾಗಿ ಪಿಡಿಎಫ್ ಮಾರಿದೆ. ನೂರ ನಲವತ್ತೊಂಬತ್ತು ರೂಪಾಯಿಯಂತೆ ಮೂವತ್ತೈದು ಪ್ರತಿ ಹೋದವು.

ನನ್ನನ್ನು ಎಲ್ಲರಿಗಿಂತ ಹೆಚ್ಚು ವಿರೋಧಿಸಿದ್ದ ಡಿಎಂ ಅವರ ಆಟದಲ್ಲಿ ಈ ಬೇಸಿಗೆಯಲ್ಲಿ ಐದನೆಯ ಲೆವೆಲ್‌ನ ಸಾಕುಗಳ್ಳ ಇಳಿದ. ವೀಸಲ್‌ನ ಅಂಕಗಳನ್ನೇ ಇಟ್ಟು ನಾನು ಮುಂಗುಸಿ ಎಂದು ಹೆಸರಿಸಿದ ಪ್ರಾಣಿಯನ್ನು, ಗೂಢಚಾರನ ಸೊಂಟದ ಕೀಲಿ ತರಲು ಅವನು ಕಳಿಸಿದ. ದಾಳದಲ್ಲಿ ಎಂಟು ಬಿತ್ತು, ಸ್ಟೆಲ್ತ್‌ನ ಐದು ಸೇರಿ ಹದಿಮೂರು, ಬೇಕಿದ್ದದ್ದು ಹದಿನಾರು. ಮುಂಗುಸಿ ಕೀಲಿಯ ಬದಲು ಒಂದು ಕೈಗವಸನ್ನು ಕಚ್ಚಿಕೊಂಡು ಬಂತು. ಅದು ಹೆಂಗಸಿನ ಕೈಗವಸು ಎಂದು ಡಿಎಂ ಅವರೇ ಅಲ್ಲಿಯೇ ತೀರ್ಮಾನಿಸಿದರು. ಅದು ಯಾರದೆಂದು ಹುಡುಕುವುದರಲ್ಲಿಯೇ ಮುಂದಿನ ಎರಡು ಆಟಗಳು ಕಳೆದವು. ಕೈಗವಸು ಬಂದ ಆ ರಾತ್ರಿಯೇ ಹನ್ನೊಂದರ ಹೊತ್ತಿಗೆ ಅವರು ಫೋನ್ ಮಾಡಿ ಪೂರ್ತಿ ಕರಡನ್ನು ಕಳಿಸಿರೆಂದು ಕೇಳಿದರು. ತಪ್ಪಿನ ಪಟ್ಟಿಯ ಎರಡನೆಯ ಪುಟವನ್ನು ತೆಗೆದಿಟ್ಟು ಉಳಿದದ್ದನ್ನೆಲ್ಲ ಕಳಿಸಿದೆ.