ಸ್ಯಾನ್ ಹೋಸೆಯ ವಿಯೆಟ್ನಾಮಿ ಮಹಿಳೆಯರ ನಡುವೆ ಪ್ಯಾಪ್ ಟೆಸ್ಟ್ ಕೆಲಸ: ನನ್ನ ಅನುಭವ

ನಾನು ಶಿವಮೊಗ್ಗದವಳು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಒಂದು ಕಮ್ಯುನಿಟಿ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೇನೆ. ಈ ಊರೆಂದರೆ ನಮ್ಮವರಿಗೆ ಸಾಫ್ಟ್‌ವೇರ್ ಕಂಪನಿಗಳೇ ನೆನಪಾಗುತ್ತವೆ. ಆದರೆ ಇಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವಿಯೆಟ್ನಾಮಿಗಳಿದ್ದಾರೆ. 1975ರಲ್ಲಿ ಸೈಗಾನ್ ಪತನವಾದ ಮೇಲೆ ನಿರಾಶ್ರಿತರಾಗಿ ಬಂದವರು ಕೆಲವರು, ಅವರ ಬೆನ್ನಿಗೆ ಬಂದ ಬಂಧುಬಳಗ ಇನ್ನಷ್ಟು.

1988ರಿಂದ 1992ರ ಅಮೆರಿಕದ ಕ್ಯಾನ್ಸರ್ ದಾಖಲೆಗಳಲ್ಲಿ ವಿಯೆಟ್ನಾಮಿ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಮಂದಿಗೆ 43ರಷ್ಟಿತ್ತು. ಬಿಳಿಯ ಮಹಿಳೆಯರಿಗಿಂತ ಸುಮಾರು ಐದು ಪಟ್ಟು. ಇದಕ್ಕೆ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಸ್; ಅದು ತಗುಲಿ ಕ್ಯಾನ್ಸರ್ ಆಗಲು ವರ್ಷಗಳೇ ಹಿಡಿಯುತ್ತವೆ. ಅಷ್ಟರೊಳಗೆ ಪ್ಯಾಪ್ ಟೆಸ್ಟ್ ಎಂಬ, ಗರ್ಭಕಂಠದ ಜೀವಕೋಶಗಳನ್ನು ತೆಗೆದು ನೋಡುವ ಒಂದು ಸರಳ ಪರೀಕ್ಷೆ ಮಾಡಿದರೆ ತಡೆಯಬಹುದಾದ ಕಾಯಿಲೆಗೆ ಹೆಂಗಸರು ಬಲಿಯಾಗುವುದು ನನಗೆ ಸಹಿಸಲಾಗದ ಸಂಗತಿ.

ಬಡವರಿಗೆ ಉಚಿತ ತಪಾಸಣೆಯ ಸರ್ಕಾರಿ ಯೋಜನೆ ಇಲ್ಲಿದೆ. ಆದರೂ ಈ ಹೆಂಗಸರು ಬರುವುದಿಲ್ಲ. ಏಕೆಂದು ತಿಳಿಯಲು ದೇವಸ್ಥಾನ, ಚರ್ಚ್, ಉಗುರು ಅಲಂಕಾರದ ನೈಲ್ ಸಲೂನುಗಳಲ್ಲಿ, ಜನ ಯಾರ ಮಾತಿಗೆ ಬೆಲೆ ಕೊಡುತ್ತಾರೋ ಅಂಥ ವಿಯೆಟ್ನಾಮಿ ಹೆಂಗಸರನ್ನು ಹುಡುಕಿ ಜೊತೆಗೆ ಸೇರಿಸಿಕೊಂಡೆವು. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಮನೆಮನೆ ಬಲ್ಲವರು. ಕೆಲಸಕ್ಕೆ ಸಂಬಳ ಕೊಟ್ಟೆವು; ಇದರಲ್ಲಿ ರಾಜಿ ಮಾಡಿಕೊಳ್ಳಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೇವೆಯ ಹೆಸರಿನಲ್ಲಿ ಬಡ ಹೆಂಗಸರ ಸಂಜೆಗಳನ್ನು ಪುಕ್ಕಟೆ ಬಳಸಿಕೊಂಡರೆ ಅದು ಪಾಲುದಾರಿಕೆ ಆಗುವುದಿಲ್ಲ.

ಏನು, ಯಾವಾಗ, ಹೇಗೆ ಎಂಬುದನ್ನೆಲ್ಲ ಅವರೇ ತೀರ್ಮಾನಿಸಿದರು. ಮಾತನ್ನು ಕ್ಯಾನ್ಸರಿನಿಂದ ಶುರುಮಾಡಬೇಡಿ, ಬಾಣಂತನದಿಂದ, ಮುಟ್ಟಿನಿಂದ ಶುರುಮಾಡಿ ಎಂದರು. ಪರೀಕ್ಷೆ ಮಾಡುವವರು ಹೆಂಗಸೇ ಆಗಬೇಕು. ಅನೇಕರ ಕುಟುಂಬ ವೈದ್ಯರು ವಿಯೆಟ್ನಾಮಿ ಮಾತಾಡುವ ಗಂಡಸರು, ಅವರ ಮುಂದೆ ಪರೀಕ್ಷೆಗೆ ಮಲಗಲು ನಾಚಿಕೆ. ನೈಲ್ ಸಲೂನಿನವರಿಗೆ ಗಿರಾಕಿ ಕಡಿಮೆ ಇರುವ ಬೆಳಿಗ್ಗೆಗಳಲ್ಲಿ ಸಮಯ ಕೊಡಿ. ಹೊಸ ವರ್ಷದ ತೆತ್ ಹಬ್ಬ ಹತ್ತಿರವಾದಾಗ ಫಲಿತಾಂಶದ ಫೋನ್ ಮಾಡಬೇಡಿ, ವರ್ಷದ ಆರಂಭದಲ್ಲಿ ಕೆಟ್ಟ ಸುದ್ದಿ ಯಾರಿಗೂ ಬೇಡ. ತುರ್ತಾಗಿ ಚಿಕಿತ್ಸೆ ಬೇಕಾದವರ ವಿಷಯದಲ್ಲಿ ಮಾತ್ರ ಇದನ್ನು ಪಾಲಿಸಲು ಬರುವುದಿಲ್ಲ ಎಂದೆವು, ಅವರೂ ಒಪ್ಪಿದರು.

ಇದು ಫಲ ಕೊಡುತ್ತದೆಂಬುದಕ್ಕೆ ಸ್ಯಾನ್ ಹೋಸೆ ಇರುವ ಇದೇ ಸಾಂತಾ ಕ್ಲಾರಾ ಕೌಂಟಿಯಲ್ಲಿ (ಅಂದರೆ ಜಿಲ್ಲೆಯಲ್ಲಿ) ಸಾವಿರ ವಿಯೆಟ್ನಾಮಿ ಮಹಿಳೆಯರೊಂದಿಗೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಸಾಕ್ಷಿ. ಅದುವರೆಗೆ ಒಮ್ಮೆಯೂ ಪ್ಯಾಪ್ ಟೆಸ್ಟ್ ಮಾಡಿಸಿರದವರಲ್ಲಿ, ರೇಡಿಯೊ-ಪತ್ರಿಕೆಗಳ ಪ್ರಚಾರವಷ್ಟೇ ತಲುಪಿದ ಗುಂಪಿನ ಶೇ. 27ರಷ್ಟು ಮಂದಿ ಮಾಡಿಸಿಕೊಂಡರು. ಪ್ರಚಾರದ ಜೊತೆಗೆ ಸಮುದಾಯದ ಕಾರ್ಯಕರ್ತೆ ಎರಡು ಸಲ ಕೂತು ಮಾತಾಡಿದ ಗುಂಪಿನಲ್ಲಿ ಅದು ಶೇ. 46.

ನಿಜವಾದ ಕಷ್ಟ ಪರೀಕ್ಷೆಯ ನಂತರದ್ದು. ಫಲಿತಾಂಶದ ಪತ್ರ ಇಂಗ್ಲಿಷಿನಲ್ಲಿ ಮನೆಗೆ ಹೋಗುತ್ತದೆ, ಓದಿ ಹೇಳುವುದು ಶಾಲೆಗೆ ಹೋಗುವ ಮಗ. ತಾಯಿಯ ಗರ್ಭಕಂಠದ ವಿಷಯವನ್ನು ಹದಿಮೂರರ ಹುಡುಗ ಅನುವಾದಿಸಬೇಕೇ? ಅದಕ್ಕೇ ಫಲಿತಾಂಶ ಯಾರು, ಯಾವ ನಂಬರಿಗೆ ತಿಳಿಸಬೇಕೆಂದು ಪರೀಕ್ಷೆಯ ದಿನವೇ ಕೇಳಿ ಬರೆದುಕೊಳ್ಳುತ್ತೇವೆ.

ಎಚ್‌ಪಿವಿ ಇದೆ ಎಂದು ಬಂದರೆ ಇನ್ನೂ ನಾಜೂಕು. ಗಂಡ ತಪ್ಪು ಮಾಡಿದ್ದಾನೆಯೇ, ತನ್ನ ಮೇಲೆಯೇ ಸಂಶಯ ಬರುತ್ತದೆಯೇ ಎಂದು ಹೆಂಗಸು ಒಳಗೇ ಬೇಯುತ್ತಾಳೆ. ಎಷ್ಟೋ ಜನ ಮುಂದಿನ ಪರೀಕ್ಷೆಗೆ ಬಾರದಿರುವುದು ಈ ಭಯದಿಂದ. ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು, ಬಹಳ ಜನರಿಗೆ ಬಂದು ತಾನಾಗಿಯೇ ಹೋಗುತ್ತದೆ, ಯಾವಾಗ ಯಾರಿಂದ ಬಂತೆಂದು ಈ ಪರೀಕ್ಷೆ ಹೇಳುವುದಿಲ್ಲ: ಇಷ್ಟನ್ನೂ ನಮ್ಮ ಕಾರ್ಯಕರ್ತೆಯೇ ಅವಳ ಭಾಷೆಯಲ್ಲಿ, ಒಬ್ಬಳೇ ಇರುವಾಗ ಹೇಳುತ್ತಾಳೆ. ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಮುಂದಿನ ಪರೀಕ್ಷೆ, ಅಂದರೆ ಕಾಲ್ಪೋಸ್ಕೋಪಿಯ ದಿನ ಜೊತೆಗೇ ಕರೆತರುತ್ತಾಳೆ.

2024ರಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ, ಎಚ್‌ಪಿವಿ ಪರೀಕ್ಷೆಗೆ ಹೆಂಗಸರು ಕ್ಲಿನಿಕ್ಕಿನಲ್ಲೇ ತಾವಾಗಿ ಮಾದರಿ ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟಿತು. ನಾಚಿಕೆಯಿಂದ ಹಿಂಜರಿದವರಿಗೆ ಇದು ದೊಡ್ಡ ದಾರಿ. ಅದರ ವಿಯೆಟ್ನಾಮಿ ಸೂಚನಾಪತ್ರವನ್ನು ನಮ್ಮ ಕಾರ್ಯಕರ್ತೆಯರೇ ತಿದ್ದುತ್ತಿದ್ದಾರೆ. ಚಿತ್ರದಲ್ಲಿರುವ ಹೆಂಗಸು ತೀರಾ ಚಿಕ್ಕ ವಯಸ್ಸಿನವಳಾದಳು, ಐವತ್ತರವಳನ್ನು ಹಾಕಿ ಎಂದು ಮೊನ್ನೆ ವಾಪಸ್ ಕಳಿಸಿದ್ದಾರೆ.