ರೆಡ್‌ವುಡ್ ಕಾಡಿಗೆ ಸೈಕಲ್ ಪ್ರವಾಸ: ಹೈವೇ ಬಿಡಿ, ಹಳೇ ರಸ್ತೆ ಹಿಡಿಯಿರಿ

ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ರೆಡ್‌ವುಡ್ ಕಾಡನ್ನು ಹೆಚ್ಚಿನವರು ಕಾರಿನಲ್ಲಿ ನೋಡಿ ಬರುತ್ತಾರೆ. ಬೇ ಏರಿಯಾದ ನಮ್ಮ ಕನ್ನಡದವರೂ ಅಷ್ಟೇ, ಲಾಂಗ್ ವೀಕೆಂಡ್ ಸಿಕ್ಕರೆ ಹೊರಟು, ಮರದ ಬುಡದಲ್ಲಿ ಒಂದು ಫೋಟೋ ತೆಗೆಸಿಕೊಂಡು ವಾಪಸ್. ಆದರೆ 90 ಮೀಟರ್ ದಾಟಿ ಬೆಳೆದ ಮರವನ್ನು ಕಾರೊಳಗೆ ಕೂತು ನೋಡುವುದು ಹೇಗೆ? ತಲೆ ಮೇಲಿನ ಚಾವಣಿಯೇ ಅಡ್ಡ. ಸೈಕಲ್ ಆದರೆ ಬೇಕೆಂದಲ್ಲಿ ಕಾಲು ಊರಬಹುದು, ಕತ್ತೆತ್ತಿ ನೋಡಬಹುದು. ಕಾಡಿನ ಒದ್ದೆ ಮಣ್ಣಿನ ವಾಸನೆಯೂ ದಾರಿಯುದ್ದಕ್ಕೂ ಮೂಗಿಗೆ ಬರುತ್ತದೆ.

ಪ್ಲ್ಯಾನ್ ಶುರು ಮಾಡುವ ಮೊದಲು ಒಂದು ವಿಷಯ ಗೊತ್ತಿರಬೇಕು. ಇದು ಒಂದೇ ಸಮನೆ ಹಬ್ಬಿದ ಕಾಡಲ್ಲ. 1850ರ ನಂತರ ಕಡಿದೂ ಕಡಿದೂ ಹಳೇ ಮರಗಳ ಕಾಡಿನಲ್ಲಿ ಉಳಿದಿರುವುದು ಶೇ 5ರಷ್ಟು ಮಾತ್ರ. ಅದೂ ತುಂಡು ತುಂಡಾಗಿ. ಈ ತುಂಡುಗಳನ್ನು ಜೋಡಿಸುವುದು ಹೈವೇ 101. ಮ್ಯಾಪ್‌ನಲ್ಲಿ ದಾರಿ ಕೇಳಿದರೆ ಅದೇ ಹೈವೇ ತೋರಿಸುತ್ತದೆ, ಅದನ್ನೇ ನಂಬಿ ಹೋದರೆ ಲಾರಿಗಳ ಪಕ್ಕದಲ್ಲಿ ತುಳಿದು ತುಳಿದು ಸುಸ್ತಾಗುತ್ತೀರಿ, ನಿಜವಾದ ಕಾಡು ಪಕ್ಕದಲ್ಲೇ ತಪ್ಪಿಹೋಗಿರುತ್ತದೆ. ಹಾಗಾಗಿ ಮೊದಲು ಮೂರು ಹಳೇ ರಸ್ತೆಗಳನ್ನು ಮ್ಯಾಪ್‌ನಲ್ಲಿ ಗುರುತು ಹಾಕಿಕೊಳ್ಳಿ. ಉತ್ತರದಲ್ಲಿ ಕ್ರೆಸೆಂಟ್ ಸಿಟಿ ಪಕ್ಕದ ಹೌಲ್ಯಾಂಡ್ ಹಿಲ್ ರೋಡ್, ಮಧ್ಯದಲ್ಲಿ ನ್ಯೂಟನ್ ಡ್ರೂರಿ ಪಾರ್ಕ್‌ವೇ, ದಕ್ಷಿಣದಲ್ಲಿ ಅವೆನ್ಯೂ ಆಫ್ ದಿ ಜೈಂಟ್ಸ್. ಪ್ರವಾಸ ಎಂದರೆ ಈ ಮೂರೇ. 101 ಇವುಗಳ ನಡುವಿನ ಕೊಂಡಿ ಅಷ್ಟೇ.

ಎರಡನೆಯದು ದಿಕ್ಕು. ಇದರಲ್ಲಿ ಚರ್ಚೆಯೇ ಬೇಡ, ಉತ್ತರದಿಂದ ದಕ್ಷಿಣಕ್ಕೆ ಬನ್ನಿ. ಬೇಸಿಗೆಯಲ್ಲಿ ಇಲ್ಲಿ ಗಾಳಿ ವಾಯವ್ಯದಿಂದ ಬೀಸುತ್ತದೆ, ಲಗೇಜು ಹೇರಿಕೊಂಡ ಸೈಕಲ್ಲಿಗೆ ಬೆನ್ನ ಹಿಂದಿನ ಗಾಳಿಗಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ದಕ್ಷಿಣಕ್ಕೆ ಹೋಗುವವರಿಗೆ ಸಮುದ್ರದ ಬದಿಯ ಲೇನ್ ಸಿಗುತ್ತದೆ ಅನ್ನುವುದು ಇನ್ನೊಂದು ಲಾಭ. ಅರ್ಕೇಟಾ ಹತ್ತಿರದ ವಿಮಾನ ನಿಲ್ದಾಣಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಕ್ರೆಸೆಂಟ್ ಸಿಟಿಗೆ ಹೋಗಿ, ಸೈಕಲ್ ತುಳಿಯುತ್ತಾ ಕೆಳಗೆ ಬರುವುದು ಸುಲಭದ ದಾರಿ.

ಯಾವಾಗ ಹೋಗಬೇಕು? ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಳೆ. ಜೂನ್‌ನಿಂದ ಸೆಪ್ಟೆಂಬರ್ ಒಣ ಕಾಲ, ಆದರೆ ಒಣ ಕಾಲ ಅಂದ ಮಾತ್ರಕ್ಕೆ ಬಿಸಿಲು ಅಂದುಕೊಳ್ಳಬೇಡಿ. ಜುಲೈ, ಆಗಸ್ಟ್‌ನಲ್ಲಿ ಸಮುದ್ರದಿಂದ ದಟ್ಟ ಮಂಜು ಒಳಗೆ ನುಗ್ಗುತ್ತದೆ. ಮಳೆಯೇ ಇಲ್ಲದ ಆ ತಿಂಗಳುಗಳಲ್ಲಿ ರೆಡ್‌ವುಡ್‌ಗಳನ್ನು ಕಾಯುವುದು ಆ ಮಂಜೇ. ಎಲೆಗಳಲ್ಲಿ ಸಿಕ್ಕಿದ ಮಂಜು ಹನಿ ಹನಿಯಾಗಿ ಬುಡಕ್ಕೆ ಬೀಳುತ್ತದೆ, ಮರ ಅದನ್ನು ಕುಡಿಯುತ್ತದೆ. ಅದೇ ಹನಿ ನಿಮ್ಮ ಟೆಂಟಿನ ಮೇಲೂ, ಸೈಕಲ್ ಚೈನಿನ ಮೇಲೂ ಬೀಳುತ್ತದೆ ಅಲ್ವಾ? ಹಾಗಾಗಿ ಟೆಂಟಿಗೆ ಮೇಲುಹೊದಿಕೆ ಬೇಕೇ ಬೇಕು, ಚೈನಿಗೆ ಹಾಕುವ ಎಣ್ಣೆಯ ಪುಟ್ಟ ಬಾಟಲಿಯೂ ಜೊತೆಗಿರಲಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಒಳ್ಳೆಯದು, ಮಂಜು ಕಡಿಮೆ, ಜನವೂ ಕಡಿಮೆ.

ಈಗ ದಿನಗಳ ಲೆಕ್ಕ. ಒಂದು ವಾರ ಇಟ್ಟುಕೊಳ್ಳಿ. ದಿನಕ್ಕೆ 100 ಕಿ.ಮೀ. ತುಳಿಯುವ ತಾಕತ್ತು ಇದ್ದವರೂ ಇಲ್ಲಿ ಅರ್ಧಕ್ಕೇ ನಿಲ್ಲಿಸಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲ ದಿನ ಕ್ರೆಸೆಂಟ್ ಸಿಟಿಯಲ್ಲಿ ಲಗೇಜು ಇಳಿಸಿ, ಖಾಲಿ ಸೈಕಲ್ಲಿನಲ್ಲಿ ಹೌಲ್ಯಾಂಡ್ ಹಿಲ್ ರೋಡಿಗೆ ಹೋಗಿ. ಬಹುಪಾಲು ಮಣ್ಣು ರಸ್ತೆ, ಕೆಲವು ಕಡೆ ಒಂದು ಕಾರು ಹೋಗುವಷ್ಟೇ ಅಗಲ, ಮರಗಳ ಕಾಂಡ ಸವರಿಕೊಂಡೇ ತಿರುಗುತ್ತದೆ. ತೆಳು ಟೈರ್ ಇಲ್ಲಿ ಆಗಲ್ಲ, 35 ಮಿ.ಮೀ. ಅಥವಾ ಜಾಸ್ತಿ ಅಗಲದ್ದು ಹಾಕಿಸಿ. ಸ್ಟೌಟ್ ಗ್ರೋವ್ ಎಂಬ ರೆಡ್‌ವುಡ್ ತೋಪಿನವರೆಗೆ ಹೋಗಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಸುತ್ತು ಹೊಡೆದು ಬರೋಣ ಅಂತ ಹೈವೇ 199ಕ್ಕೆ ಇಳಿಯಬೇಡಿ, ಅದು ಇಕ್ಕಟ್ಟಿನ, ತಿರುವುಗಳ ರಸ್ತೆ.

ಎರಡನೇ ದಿನವೇ ಕಷ್ಟದ್ದು. ಕ್ರೆಸೆಂಟ್ ಸಿಟಿ ಬಿಟ್ಟ ಕೂಡಲೇ 101ರಲ್ಲಿ ಉದ್ದನೆಯ ಏರು, ಆಮೇಲೆ ಲಾಸ್ಟ್ ಚಾನ್ಸ್ ಗ್ರೇಡ್ ಎಂಬ ಜಾಗ. ಅಲ್ಲಿ ಗುಡ್ಡ ವರ್ಷಗಳಿಂದ ಸಮುದ್ರದ ಕಡೆಗೆ ಜಾರುತ್ತಲೇ ಇದೆ, ರಸ್ತೆ ರಿಪೇರಿ ಮುಗಿಯುವುದೇ ಇಲ್ಲ. ಬೆಳಿಗ್ಗೆ ಬೇಗ ಹೊರಡಿ. ಕ್ಲಾಮತ್ ನದಿ ದಾಟಿದ ಮೇಲೆ ಹೈವೇ ಬಿಟ್ಟು ನ್ಯೂಟನ್ ಡ್ರೂರಿ ಪಾರ್ಕ್‌ವೇಗೆ ತಿರುಗಿದರೆ ಎಲ್ಲ ಕಷ್ಟವೂ ಮರೆತುಹೋಗುತ್ತದೆ. 16 ಕಿ.ಮೀ. ಉದ್ದದ ರಸ್ತೆ, ಮೊದಲು ಸ್ವಲ್ಪ ಏರು, ಆಮೇಲೆ ಆರಾಮಾಗಿ ಇಳಿಯುತ್ತಾ ಎಲ್ಕ್ ಪ್ರೇರಿ ಕ್ಯಾಂಪ್‌ಗ್ರೌಂಡ್‌ವರೆಗೆ. ಅವಸರದ ವಾಹನಗಳೆಲ್ಲ ಬೈಪಾಸ್ ಹಿಡಿಯುವುದರಿಂದ ಇಲ್ಲಿ ನಿಮ್ಮ ಚಕ್ರದ ಸದ್ದು ನಿಮಗೇ ಕೇಳಿಸುತ್ತದೆ. ಇಲ್ಲಿ ಇನ್ನೊಂದು ದಿನ ಉಳಿಯಲೇಬೇಕು. ಹುಲ್ಲುಗಾವಲಿನಲ್ಲಿ ರೂಸ್‌ವೆಲ್ಟ್ ಎಲ್ಕ್ ಎಂಬ ದೊಡ್ಡ ಜಿಂಕೆಗಳು ಮೇಯುತ್ತಿರುತ್ತವೆ. ನೋಡಲು ಸಾಧು ಅನ್ನಿಸಿದರೂ 25 ಮೀಟರ್ ದೂರ ಇರಿ. ಸೆಪ್ಟೆಂಬರ್ ಆಸುಪಾಸು ಅವುಗಳ ಬೆದೆಯ ಕಾಲ, ಗಂಡುಗಳು ಸುಮ್ನೆ ಮೈಮೇಲೆ ಬರುತ್ತವೆ.

ಮುಂದೆ ಸೂ-ಮೆಗ್ ಸ್ಟೇಟ್ ಪಾರ್ಕ್‌ವರೆಗೆ ಸಣ್ಣ ದಿನ. ಹಳೇ ಮ್ಯಾಪ್‌ಗಳಲ್ಲಿ ಇದು ಪ್ಯಾಟ್ರಿಕ್ಸ್ ಪಾಯಿಂಟ್ ಅಂತಿರುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಯುರೋಕ್ ಜನರು ಕರೆಯುತ್ತಿದ್ದ ಹೆಸರನ್ನು 2021ರಲ್ಲಿ ವಾಪಸ್ ಕೊಟ್ಟರು. ಅಲ್ಲಿಂದ ಟ್ರಿನಿಡಾಡ್, ಹ್ಯಾಮಂಡ್ ಟ್ರೇಲ್, ಅರ್ಕೇಟಾ, ಯುರೇಕಾ. ಊರುಗಳು ಸಿಗುವುದು ಇಲ್ಲೇ. ಸೈಕಲ್ ಅಂಗಡಿ, ಒಳ್ಳೆ ದಿನಸಿ, ಬಿಸಿನೀರಿನ ಸ್ನಾನ ಎಲ್ಲ ಮುಗಿಸಿಕೊಳ್ಳಿ. ಯುರೇಕಾದಿಂದ ವಿಯಟ್ ಹತ್ತಿರದ ಬರ್ಲಿಂಗ್ಟನ್ ಕ್ಯಾಂಪ್‌ಗ್ರೌಂಡ್‌ಗೆ ಸುಮಾರು 75 ಕಿ.ಮೀ., ಇಡೀ ಪ್ರವಾಸದ ಉದ್ದದ ದಿನ ಇದು. ಕೊನೆಯ ಭಾಗ ಅವೆನ್ಯೂ ಆಫ್ ದಿ ಜೈಂಟ್ಸ್. 50 ಕಿ.ಮೀ. ಉದ್ದದ ಈ ರಸ್ತೆಯೇ ಹಿಂದೆ 101 ಆಗಿತ್ತು. ಮರುದಿನ ಪಕ್ಕದ ಮಟೋಲ್ ರೋಡಿನಲ್ಲಿ ರಾಕ್‌ಫೆಲರ್ ಫಾರೆಸ್ಟ್‌ಗೆ ಹೋಗಿ, ಉಳಿದಿರುವ ಹಳೇ ರೆಡ್‌ವುಡ್ ಕಾಡಿನಲ್ಲೆಲ್ಲ ದೊಡ್ಡ ತುಂಡು ಅದು.

ಉಳಿಯುವುದಕ್ಕೆ ಸ್ಟೇಟ್ ಪಾರ್ಕ್‌ಗಳಲ್ಲಿ ‘ಹೈಕ್ ಆ್ಯಂಡ್ ಬೈಕ್’ ಜಾಗಗಳಿವೆ. ನಡೆದು ಅಥವಾ ಸೈಕಲ್ಲಿನಲ್ಲಿ ಬಂದವರಿಗೆ ಮಾತ್ರ. ಮುಂಗಡ ಬುಕಿಂಗ್ ಇಲ್ಲ, ತಲೆಗೆ ಕೆಲವೇ ಡಾಲರ್. ಕಾರಿನವರು ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿ ಕಾಯುವ ಕಡೆ ನೀವು ಸಂಜೆ ಬಂದು ಟೆಂಟ್ ಹೊಡೆಯಬಹುದು. ಹೊರಡುವ ಮುಂಚೆ ಆ ಪಾರ್ಕ್ ತೆರೆದಿದೆಯೇ ನೋಡಿಕೊಳ್ಳಿ. ಕರಡಿಗಳ ಜಾಗ ಇದು, ಊಟ ಮಾತ್ರ ಅಲ್ಲ, ಟೂತ್‌ಪೇಸ್ಟ್ ಕೂಡ ಅಲ್ಲಿರುವ ಕಬ್ಬಿಣದ ಪೆಟ್ಟಿಗೆಯೊಳಗೇ ಹೋಗಬೇಕು.

ಸಸ್ಯಾಹಾರಿಗಳು ಯುರೇಕಾ ಬಿಟ್ಟರೆ ದಾರಿಯ ಸಣ್ಣ ಊರುಗಳನ್ನು ನಂಬಬೇಡಿ. ಗೊಜ್ಜವಲಕ್ಕಿ, ಚಟ್ನಿಪುಡಿ, ಮನೆಯಲ್ಲೇ ಹುರಿದಿಟ್ಟ ಉಪ್ಪಿಟ್ಟಿನ ರವೆ ಸಾಕು, ಬಿಸಿನೀರು ಇದ್ದರೆ ಹತ್ತು ನಿಮಿಷದ ಕೆಲಸ. ಒಲೆಯ ಗ್ಯಾಸ್ ವಿಮಾನದಲ್ಲಿ ಬಿಡುವುದಿಲ್ಲ, ಅರ್ಕೇಟಾದಲ್ಲೇ ಕೊಳ್ಳಿ. ಮೊಬೈಲ್ ಸಿಗ್ನಲ್ ಕಾಡೊಳಗೆ ಸಿಗುವುದಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಂಡಿರಿ.

ಲೈಟಿನ ವಿಷಯ ಮಾತ್ರ ಒತ್ತಿ ಹೇಳಬೇಕು. ಮಧ್ಯಾಹ್ನ ಹನ್ನೆರಡಕ್ಕೂ ಈ ಮರಗಳ ಕೆಳಗೆ ಮಬ್ಬು ಕತ್ತಲು. ಬಿಸಿಲಿನಿಂದ ನೆರಳಿಗೆ ನುಗ್ಗುವ ಡ್ರೈವರ್‌ಗೆ ಒಂದೆರಡು ಕ್ಷಣ ಏನೂ ಕಾಣಿಸುವುದಿಲ್ಲ, ಮೇಲಾಗಿ ಅವನ ಕಣ್ಣೂ ಮರದ ತುದಿ ಹುಡುಕುತ್ತಿರುತ್ತದೆ. ಹಗಲಲ್ಲೂ ಹಿಂದಿನ ಕೆಂಪು ಲೈಟ್ ಉರಿಯುತ್ತಿರಲಿ, ಹಳದಿ ಜಾಕೆಟ್ ಮೈಮೇಲಿರಲಿ.

ಜಗತ್ತಿನ ಅತಿ ಎತ್ತರದ ಮರ ಹೈಪೀರಿಯನ್ ಹುಡುಕಿಕೊಂಡು ಹೋಗುವ ಆಸೆ ಬಿಡಿ. 2006ರಲ್ಲಿ ಪತ್ತೆಯಾದ, ಸುಮಾರು 116 ಮೀಟರ್ ಎತ್ತರದ ಆ ಮರದ ಸುತ್ತ ಜನ ತುಳಿದು ತುಳಿದು ನೆಲ ಹಾಳಾಗಿ, 2022ರಿಂದ ಆ ಜಾಗಕ್ಕೆ ಪ್ರವೇಶವೇ ಇಲ್ಲ. ಹೋದರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಇಷ್ಟೆತ್ತರದ ಮರಗಳ ಬೇರು ಆಳಕ್ಕೆ ಹೋಗುವುದಿಲ್ಲ, ಮೇಲುಮಣ್ಣಿನಲ್ಲೇ ಅಗಲಕ್ಕೆ ಹರಡಿರುತ್ತದೆ. ಫೋಟೋಗೆ ಅಂತ ಸೈಕಲ್ಲನ್ನು ಬುಡದವರೆಗೆ ತಳ್ಳಿಕೊಂಡು ಹೋಗಬೇಡಿ, ರಸ್ತೆ ಬದಿಯಲ್ಲೇ ನಿಲ್ಲಿಸಿ.

ಅವೆನ್ಯೂ ಮುಗಿಸಿ ಗಾರ್ಬರ್‌ವಿಲ್ ತಲುಪಿದರೆ ಅಲ್ಲಿಂದ ಯುರೇಕಾಗೆ ಬಸ್ ಇದೆ. ಸೈಕಲ್‌ಗಳನ್ನು ಬಸ್ಸಿನ ಮುಂದಿನ ಸ್ಟ್ಯಾಂಡಿಗೆ ಸಿಗಿಸುತ್ತಾರೆ, ಎರಡು ಮೂರಕ್ಕಷ್ಟೇ ಜಾಗ. ನಾಲ್ಕೈದು ಜನ ಹೋಗುವವರು ಎಲ್ಲರೂ ಒಂದೇ ಬಸ್ಸಿಗೆ ಕಾಯದೆ ಎರಡು ಗುಂಪಾಗಿ ಹೊರಡಿ, ವಿಮಾನದ ಟಿಕೆಟನ್ನು ಮರುದಿನಕ್ಕೆ ಇಟ್ಟುಕೊಳ್ಳಿ.